ದ್ಯುತಿ ಹೇಳಿದ್ದು, ಜನ ಕೇಳಿಸಿಕೊಂಡದ್ದು

2019ರ ಮೇ 19, ಭಾನುವಾರ. ಲೋಕಸಭಾ ಚುನಾವಣೆಯ ಕೊನೇ ಹಂತದ ಮತದಾನದ ದಿನ. ಸಂಜೆ ಎಕ್ಸಿಟ್ ಪೋಲ್ ಹೇಳಲು ಟಿವಿಯವರೆಲ್ಲ ತೋಳೇರಿಸಿ ಕೂತಿದ್ದರು. ಅವತ್ತು ಬೆಳಗ್ಗೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ಒಂದು ಮಾತು ಹೇಳಿದ್ದರು. ನಮ್ಮೂರಿನ ಹುಡುಗಿಯೊಬ್ಬಳನ್ನು ಪ್ರೀತಿಸುತ್ತಿದ್ದೇನೆ, ಮುಂದೆ ಅವಳ ಜೊತೆ ಬಾಳುವ ಆಸೆ ಇದೆ, ಅವಳ ಹೆಸರು ಮಾತ್ರ ಕೇಳಬೇಡಿ, ಜನರ ಕಣ್ಣು ಅವಳ ಮೇಲೆ ಬೀಳುವುದು ಬೇಡ. ಇಷ್ಟೇ.

ದ್ಯುತಿಗೆ ಆಗ 23 ವರ್ಷ. ಹಿಂದಿನ ವರ್ಷವಷ್ಟೇ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 100 ಮೀಟರ್, 200 ಮೀಟರ್ ಎರಡರಲ್ಲೂ ಬೆಳ್ಳಿ ಗೆದ್ದು ಬಂದಿದ್ದರು. 100 ಮೀಟರ್‌ನಲ್ಲಿ ನಮ್ಮ ದೇಶದ ಹೆಣ್ಣುಮಗಳೊಬ್ಬಳು ಏಷ್ಯನ್ ಗೇಮ್ಸ್ ಬೆಳ್ಳಿ ತಂದು 32 ವರ್ಷ ಆಗಿತ್ತು. 1986ರಲ್ಲಿ ಪಿ.ಟಿ. ಉಷಾ ತಂದದ್ದೇ ಅದಕ್ಕೆ ಮುಂಚಿನದು. ಅಂಥ ಹೆಸರಿದ್ದವರು, ಇನ್ನೂ ಟ್ರ್ಯಾಕ್ ಮೇಲೆ ಓಡುತ್ತಿದ್ದಾಗಲೇ ಹೀಗೆ ಬಾಯಿಬಿಟ್ಟು ಹೇಳಿದ್ದು ಭಾರತದಲ್ಲಿ ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಟ್ವಿಟರ್ ತುಂಬ ಶಹಬ್ಬಾಸ್‌ಗಿರಿ. ಅಮೆರಿಕದ ಟಿವಿ ತಾರೆಯವರೆಗೂ ಸುದ್ದಿ ಹೋಯಿತು. ಇತ್ತ ಜಾಜ್‌ಪುರ ಜಿಲ್ಲೆಯ ಚಾಕಾ ಗೋಪಾಲ್‌ಪುರದಲ್ಲಿ, ಅಂದರೆ ದ್ಯುತಿಯ ಊರಲ್ಲಿ, ಮನೆ ಮುಂದೆ ಮೈಕು ಹಿಡಿದು ಬಂದವರಿಗೆ ಸಿಕ್ಕಿದ್ದು ಬೇರೆಯೇ ಮಾತು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೇಳುವ ಪ್ರಶ್ನೆ ಒಂದೇ: ಸಮಾಜ ಬದಲಾಗಿದೆಯಾ, ಇಲ್ವಾ? ಲೈಕುಗಳನ್ನು ಒಂದು ಕಡೆ, ಬೈಗುಳಗಳನ್ನು ಇನ್ನೊಂದು ಕಡೆ ಇಟ್ಟು ತೂಗುತ್ತೇವೆ. ನನಗೆ ಈ ತಕ್ಕಡಿಯ ಮೇಲೆ ನಂಬಿಕೆ ಇಲ್ಲ. ಆ ಆಟಗಾರರಿಂದ ಯಾರಿಗೆ ಏನೂ ಆಗಬೇಕಾದ್ದಿಲ್ಲವೋ ಅವರು ಬೇಗ ಚಪ್ಪಾಳೆ ಹೊಡೆಯುತ್ತಾರೆ. ಆಗಬೇಕಾದ್ದು ಇರುವವರು ಕೂತು ಲೆಕ್ಕ ಹಾಕುತ್ತಾರೆ. ಮನೆಯವರು, ಊರವರು, ಟೀಮಿನ ಮಾಲೀಕರು, ಜಾಹೀರಾತು ಕೊಡುವವರು ಎಲ್ಲ ಈ ಎರಡನೇ ಗುಂಪಿನವರು. ಪ್ರತಿಕ್ರಿಯೆ ಅರ್ಥವಾಗಬೇಕಾದರೆ ಈ ಲೆಕ್ಕವನ್ನು ನೋಡಬೇಕು.

ಅದಕ್ಕೆ ಮುಂಚೆ ನಮ್ಮ ಭಾಷೆಯದ್ದೇ ಒಂದು ಸಂಗತಿ. ತಾನು ಸಲಿಂಗಿ ಎಂದು ಎಲ್ಲರ ಮುಂದೆ ಹೇಳುವುದಕ್ಕೆ ಇಂಗ್ಲಿಷಿನವರು ‘ಕಮಿಂಗ್ ಔಟ್’ ಅನ್ನುತ್ತಾರೆ, ಅದಕ್ಕೆ ಕನ್ನಡದಲ್ಲಿ ಪಕ್ಕಾ ಪದ ಹುಟ್ಟಿಲ್ಲ. ಹಾಗಾಗಿ ಸುದ್ದಿಮನೆಯಲ್ಲಿ ಕೈಗೆ ಸಿಕ್ಕಿದ ಕ್ರಿಯಾಪದ ಹಾಕುತ್ತಾರೆ. ಸಾಮಾನ್ಯವಾಗಿ ಸಿಗುವುದು ‘ಒಪ್ಪಿಕೊಂಡರು’. ಸಲಿಂಗಿ ಎಂದು ಒಪ್ಪಿಕೊಂಡ ಆಟಗಾರ. ನಾವು ಇನ್ನೇನನ್ನು ಒಪ್ಪಿಕೊಳ್ಳುತ್ತೇವೆ ಯೋಚಿಸಿ. ಕಳ್ಳತನ, ಲಂಚ, ಮ್ಯಾಚ್ ಫಿಕ್ಸಿಂಗ್. ಪೊಲೀಸರು ಎರಡೇಟು ಕೊಟ್ಟ ಮೇಲೆ ಆರೋಪಿ ಒಪ್ಪಿಕೊಳ್ಳುತ್ತಾನೆ. ಇನ್ನು ಕೆಲವರಿಗೆ ಇದು ‘ಸ್ಫೋಟಕ ಹೇಳಿಕೆ’. ಸುದ್ದಿ ಓದುವ ಮುಂಚೆಯೇ ಓದುಗನ ಮನಸ್ಸಿನಲ್ಲಿ ಆ ಕ್ರಿಯಾಪದ ತೀರ್ಪು ಕೊಟ್ಟಾಗಿರುತ್ತದೆ. ‘ಹೇಳಿಕೊಂಡರು’ ಅಂದರೆ ಸಾಕು ಅನಿಸುತ್ತದೆ ನನಗೆ. ಕಷ್ಟ ಹೇಳಿಕೊಳ್ಳುತ್ತೇವೆ, ಪ್ರೀತಿಯನ್ನೂ ಹೇಳಿಕೊಳ್ಳುತ್ತೇವೆ.

ಈಗ ದ್ಯುತಿಯ ಮನೆಗೆ ಬರೋಣ. ಮಗ್ಗ ನಂಬಿದ ನೇಕಾರರ ಮನೆ. ಏಳು ಜನ ಮಕ್ಕಳು. ಹುಡುಗಿಯನ್ನು ಓಟಕ್ಕೆ ಹಚ್ಚಿದ್ದು ಅವರ ಅಕ್ಕ. ಅಕ್ಕನೂ ಓಟಗಾರ್ತಿ, ಓಟದಿಂದಲೇ ಪೊಲೀಸ್ ಇಲಾಖೆಯಲ್ಲಿ ಕೆಲಸ ಸಿಕ್ಕಿತ್ತು. ಅಕ್ಕ ಓಡಿ ಕೆಲಸ ಹಿಡಿದದ್ದನ್ನು ನೋಡಿ ತಂಗಿಯೂ ಓಡಿದಳು. 2018ರ ಎರಡು ಬೆಳ್ಳಿಗೆ ಒಡಿಶಾ ಸರ್ಕಾರ ಒಟ್ಟು 3 ಕೋಟಿ ರೂಪಾಯಿ ಘೋಷಿಸಿತು. ಮಗ್ಗದ ಮನೆಗೆ 3 ಕೋಟಿ ಅಂದರೆ ಏನು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಗೆ ದ್ಯುತಿ ಮಗಳೂ ಹೌದು, ದುಡಿಯುವ ಮಗನೂ ಹೌದು, ಸಾಲ ತೀರಿಸುವ ಬ್ಯಾಂಕೂ ಹೌದು.

ಸುದ್ದಿ ಬಂದ ಮೇಲೆ ತಾಯಿ ಪತ್ರಕರ್ತರ ಮುಂದೆ ಆಡಿದ ಮಾತು ಕೇಳಿ. ಧರ್ಮ, ಪಾಪ, ಪ್ರಕೃತಿ ನಿಯಮ ಅನ್ನುವ ದೊಡ್ಡ ಪದ ಹುಡುಕಿದರೆ ಸಿಗುವುದಿಲ್ಲ. ಅವರು ಹೇಳಿದ್ದರ ತಾತ್ಪರ್ಯ ಇದು: ಆ ಹುಡುಗಿ ಸಂಬಂಧದಲ್ಲಿ ವರಸೆ ಬರುವುದಿಲ್ಲ. ನಾವು ನೇಕಾರರು, ನಮ್ಮಲ್ಲಿ ಇಂಥದ್ದು ನಡೆಯೋದಿಲ್ಲ. ನೆಂಟರಿಷ್ಟರಿಗೆ ಹೇಗೆ ಮುಖ ತೋರಿಸೋದು?

ವರಸೆ! ಇದನ್ನು ಓದಿದ ಅಮೆರಿಕದ ಅಭಿಮಾನಿಗೆ ತಲೆಬುಡ ಅರ್ಥವಾಗಿರಲಿಕ್ಕಿಲ್ಲ. ನಮಗೆ ಆಗುತ್ತದೆ. ಮಂಡ್ಯದಲ್ಲೋ ಬಾಗಲಕೋಟೆಯಲ್ಲೋ ಗಂಡು ಹೆಣ್ಣು ಓಡಿಹೋದಾಗಲೂ ಹಿರಿಯರು ಮೊದಲು ನೋಡುವುದು ವರಸೆಯನ್ನೇ. ಅಂದರೆ ಆ ತಾಯಿ ಈ ಸಂಬಂಧವನ್ನು ‘ರೋಗ’ ಅಂತಲೋ ‘ವಿದೇಶಿ ಚಾಳಿ’ ಅಂತಲೋ ನೋಡಲಿಲ್ಲ. ಮದುವೆ ಸಂಬಂಧ ಅಂತಲೇ ಹಿಡಿದು, ಮದುವೆಗೆ ಹಾಕುವ ಲೆಕ್ಕವನ್ನೇ ಹಾಕಿದರು, ಲೆಕ್ಕ ಕೂಡಲಿಲ್ಲ. ಅದು ಒಪ್ಪಿಗೆಯಲ್ಲ, ಖಂಡಿತ. ಆದರೆ ಇಂಗ್ಲಿಷ್ ತಲೆಬರಹಗಳು ಹೇಳಿದ ‘ಹಿಂದುಳಿದ ಹಳ್ಳಿ’ಯ ಕತೆಯೂ ಅದಲ್ಲ.

ಅಕ್ಕನ ಮಾತು ಇನ್ನೂ ನೇರ. ತಂಗಿಯ ಆಸ್ತಿ, ಹಣದ ಮೇಲೆ ಆ ಹುಡುಗಿಯ ಕಡೆಯವರ ಕಣ್ಣಿದೆ, ಒತ್ತಡ ಹಾಕಿ ಹೀಗೆ ಮಾಡಿಸಿದ್ದಾರೆ ಅಂದರು. ಅದಕ್ಕೆ ದ್ಯುತಿ ಪತ್ರಿಕಾಗೋಷ್ಠಿ ಕರೆದು ತಿರುಗೇಟು ಕೊಟ್ಟರು: ಅಕ್ಕನೇ 25 ಲಕ್ಷ ಕೇಳಿ ಬೆದರಿಸುತ್ತಿದ್ದಳು, ಹೊಡೆದಿದ್ದಾಳೆ, ಹಾಗಾಗಿಯೇ ಎಲ್ಲರ ಮುಂದೆ ಹೇಳಬೇಕಾಯಿತು. ಇಬ್ಬರದ್ದೂ ಆರೋಪವೇ. ನಿಜ ಯಾವುದು ಅನ್ನುವುದು ಆ ಮನೆಗೆ ಗೊತ್ತು. ನಮಗೆ ಬೇಕಾದದ್ದು, ಇಬ್ಬರ ಮಾತಿನ ನಡುವೆಯೂ ಎದ್ದು ಕಾಣುವ ದುಡ್ಡು. ಮಗಳು ಯಾರನ್ನು ಪ್ರೀತಿಸಿದಳು ಅನ್ನುವುದಕ್ಕಿಂತ, ಮಗಳ ದುಡಿಮೆ ಇನ್ನು ಯಾವ ಮನೆಗೆ ಹೋಗುತ್ತದೆ ಅನ್ನುವ ಆತಂಕ. ಹುಡುಗನನ್ನು ಮದುವೆಯಾಗಿದ್ದರೂ ಈ ಆತಂಕ ಬರುತ್ತಿತ್ತು. ಆದರೆ ಆಗ ಅದನ್ನು ಸಂಭಾಳಿಸಲು ಹಿರಿಯರು, ಮಾತುಕತೆ, ಶಾಸ್ತ್ರ ಅಂತೆಲ್ಲ ಇರುತ್ತಿತ್ತು. ಇಲ್ಲಿ ಅದ್ಯಾವುದೂ ಇಲ್ಲ, ಮೈಕುಗಳು ಮಾತ್ರ ಇದ್ದವು.

ದ್ಯುತಿಯ ಈ ಮಾತನ್ನು ನಂಬಿದರೆ ಇನ್ನೊಂದು ವಿಷಯ ಹೊರಬರುತ್ತದೆ. ಅವರಾಗಿಯೇ ಬಾಗಿಲು ತೆಗೆದು ಹೊರಬಂದರಾ, ಅಥವಾ ಬೇರೆ ಯಾರೋ ಎಳೆದು ತರುವ ಮುಂಚೆ ತಾವೇ ಬಂದುಬಿಡೋಣ ಅಂದುಕೊಂಡರಾ? ಚಪ್ಪಾಳೆ ತಟ್ಟುವವರು ‘ಎಂಥಾ ಧೈರ್ಯ’ ಅನ್ನುತ್ತಾರೆ. ಧೈರ್ಯ ಇದ್ದದ್ದು ನಿಜ. ಜೊತೆಗೆ ಬೇರೆ ದಾರಿ ಇರಲಿಲ್ಲ ಅನ್ನುವುದೂ ನಿಜ ಇರಬಹುದು. ಕ್ರೀಡೆಯ ಚರಿತ್ರೆಯಲ್ಲಿ ಇದು ಹೊಸದೇನಲ್ಲ. 1981ರಲ್ಲಿ ಟೆನಿಸ್‌ನ ಬಿಲ್ಲಿ ಜೀನ್ ಕಿಂಗ್ ತಾವಾಗಿ ಏನೂ ಹೇಳಲಿಲ್ಲ. ಅವರ ಹಿಂದಿನ ಸಂಗಾತಿ, ಒಬ್ಬ ಹೆಂಗಸು, ಕೋರ್ಟಿಗೆ ಹೋದರು, ವಿಷಯ ಬೀದಿಗೆ ಬಂತು. ಕಿಂಗ್ ಪತ್ರಕರ್ತರ ಮುಂದೆ ನಿಂತು ಹೌದು ಅಂದರು. 24 ಗಂಟೆಯಲ್ಲಿ ಜಾಹೀರಾತು ಒಪ್ಪಂದಗಳೆಲ್ಲ ಕೈಬಿಟ್ಟು ಹೋದವು. 12 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದವರು, ನಿವೃತ್ತಿ ಹತ್ತಿರ ಬಂದಿದ್ದವರು, ವಕೀಲರ ಫೀಸಿಗಾಗಿ ಮತ್ತೆ ಆಡುತ್ತ ಹೋಗಬೇಕಾಯಿತು.

ಅಕ್ಕ–ತಂಗಿಯ ಜಗಳ ಓದುವಾಗ ನನಗೆ ತಲೆಯಲ್ಲಿ ಬಂದದ್ದು ಮಾತ್ರ ಇಂಗ್ಲೆಂಡಿನ ಅಣ್ಣ–ತಮ್ಮ. ಜಸ್ಟಿನ್ ಫಶಾನು ಬ್ರಿಟನ್ನಿನಲ್ಲಿ 10 ಲಕ್ಷ ಪೌಂಡ್ ಬೆಲೆ ಕಟ್ಟಿಸಿಕೊಂಡ ಮೊದಲ ಕಪ್ಪು ಫುಟ್‌ಬಾಲ್ ಆಟಗಾರ. 1990ರಲ್ಲಿ ಅಲ್ಲಿನ ಟ್ಯಾಬ್ಲಾಯ್ಡ್ ಪತ್ರಿಕೆಯೊಂದರಲ್ಲಿ ತಾನು ಗೇ ಎಂದು ಹೇಳಿಕೊಂಡರು. ತಮ್ಮ ಜಾನ್ ಕೂಡ ಹೆಸರಾಂತ ಆಟಗಾರ. ಬೇರೆಯವರು ಬೈದದ್ದು ಹಾಗಿರಲಿ, ಅಣ್ಣ ನಮ್ಮ ಪಾಲಿಗೆ ಇಲ್ಲ ಎನ್ನುವಂಥ ಮಾತನ್ನು ತಮ್ಮನೇ ಪತ್ರಿಕೆಗೆ ಹೇಳಿದ. ಅಣ್ಣ ಬಾಯಿ ಬಿಡದೆ ಇರಲಿ ಅಂತ ತಾನು ದುಡ್ಡು ಕೊಟ್ಟಿದ್ದೆ ಎಂದು ಎಷ್ಟೋ ವರ್ಷದ ಮೇಲೆ ಜಾನ್ ಅವರೇ ಹೇಳಿದ್ದಾರೆ. ಆಮೇಲೆ ಪಶ್ಚಾತ್ತಾಪವನ್ನೂ ಪಟ್ಟಿದ್ದಾರೆ. ಜಸ್ಟಿನ್ 1998ರಲ್ಲಿ, 37ನೇ ವಯಸ್ಸಿಗೆ, ಆತ್ಮಹತ್ಯೆ ಮಾಡಿಕೊಂಡರು. ಕ್ರೀಡಾಂಗಣದಲ್ಲಿ ಕೂಗುವ ಸಾವಿರ ಜನರಿಗಿಂತ ಒಡಹುಟ್ಟಿದ ಒಬ್ಬರ ಮಾತು ಹೆಚ್ಚು ಆಳಕ್ಕೆ ಇಳಿಯುತ್ತದೆ. ಆ ಒಬ್ಬರಿಗೂ ತಮ್ಮದೇ ಡ್ರೆಸಿಂಗ್ ರೂಮು, ತಮ್ಮದೇ ಗೆಳೆಯರ ಕುಹಕ ಇರುತ್ತದೆ ಅನ್ನುವುದನ್ನು ಮರೆಯಬಾರದು.

ದ್ಯುತಿಯ ವಿಷಯದಲ್ಲಿ ಇನ್ನೊಂದು ಗೋಜಲು ಸೇರಿಕೊಂಡಿತು. ಅದನ್ನು ಬಿಡಿಸದೆ ಮುಂದೆ ಹೋಗುವಂತಿಲ್ಲ. 2014ರಲ್ಲಿ, ಗ್ಲಾಸ್ಗೊ ಕಾಮನ್‌ವೆಲ್ತ್ ಗೇಮ್ಸ್‌ಗೆ ಇನ್ನೇನು ಹೊರಡಬೇಕು ಅನ್ನುವಾಗ ಅವರನ್ನು ತಂಡದಿಂದ ಕೈಬಿಟ್ಟಿದ್ದರು. ಕಾರಣ, ಅವರ ದೇಹದಲ್ಲಿ ಟೆಸ್ಟೋಸ್ಟೆರಾನ್ ಹಾರ್ಮೋನು ಹುಟ್ಟಿನಿಂದಲೇ ಹೆಣ್ಣುಮಕ್ಕಳಿಗೆ ಹಾಕಿದ್ದ ಮಿತಿಗಿಂತ ಜಾಸ್ತಿ ಇದೆ ಅನ್ನುವುದು. ಔಷಧಿ ತಗೊಂಡು ಕಡಿಮೆ ಮಾಡಿಕೋ, ಇಲ್ಲವಾದರೆ ಓಡಬೇಡ ಅಂದರು. ದ್ಯುತಿ ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು. 2015ರ ಜುಲೈನಲ್ಲಿ ಆ ಮಂಡಳಿ ನಿಯಮವನ್ನೇ ಎರಡು ವರ್ಷ ತಡೆಹಿಡಿಯಿತು. ಹಾರ್ಮೋನು ಇಷ್ಟು ಜಾಸ್ತಿ ಇದ್ದರೆ ಓಟದಲ್ಲಿ ಇಷ್ಟು ಲಾಭ ಅನ್ನುವುದಕ್ಕೆ ನೀವು ತಂದಿರುವ ಆಧಾರ ಸಾಲದು ಅಂದಿತು. 2018ರಲ್ಲಿ ಹೊಸ ನಿಯಮ ಬಂತು, ಅದು 400 ಮೀಟರ್‌ನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. 100, 200 ಓಡುವ ದ್ಯುತಿ ಅದರಿಂದ ಪಾರಾದರು.

ಇದು ದೇಹದ ವಿಷಯ. 2019ರಲ್ಲಿ ಹೇಳಿದ್ದು ಮನಸ್ಸಿನ ವಿಷಯ. ಒಂದಕ್ಕೊಂದು ಸಂಬಂಧವೇ ಇಲ್ಲ. ಟೆಸ್ಟೋಸ್ಟೆರಾನ್ ಜಾಸ್ತಿ ಇರುವ ಹೆಣ್ಣುಮಕ್ಕಳು ಗಂಡಸರನ್ನು ಮದುವೆಯಾಗಿ ಸಂಸಾರ ಮಾಡಿಕೊಂಡಿದ್ದಾರೆ. ಹಾರ್ಮೋನು ಎಲ್ಲ ಮಿತಿಯಲ್ಲೇ ಇರುವ ಎಷ್ಟೋ ಹೆಣ್ಣುಮಕ್ಕಳಿಗೆ ಹೆಣ್ಣೇ ಇಷ್ಟ. ಆದರೆ ಜನ ಎರಡನ್ನೂ ಒಂದೇ ಚೀಲಕ್ಕೆ ತುಂಬಿದರು. ‘ನಾವು ಅವತ್ತೇ ಹೇಳಿದ್ವಲ್ಲ, ಅವಳು ಹೆಣ್ಣೇ ಅಲ್ಲ ಅಂತ’ ಎಂದರು. ನಾಲ್ಕು ವರ್ಷದ ಹಿಂದೆ ಕೋರ್ಟಿನಲ್ಲಿ ಸೋತ ವಾದ ಹೊಸ ಬಟ್ಟೆ ಹಾಕಿಕೊಂಡು ವಾಪಸ್ ಬಂತು.

ಇದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. ಕನ್ನಡದಲ್ಲೇ ಒಂದು ಪದ ಇದೆ: ಗಂಡುಬೀರಿ. ನಾನು ಓದುತ್ತಿದ್ದ ಕಾಲೇಜಿನಲ್ಲಿ ಅಥ್ಲೆಟಿಕ್ಸ್ ಹುಡುಗಿಯರು ಬೆಳಗ್ಗೆ ಆರಕ್ಕೆ ಮೈದಾನಕ್ಕೆ ಬರುತ್ತಿದ್ದರು. ಕ್ರಾಪು, ಶಾರ್ಟ್ಸು, ತೊಡೆಯ ಮೇಲೆ ಬಿಸಿಲಿನ ಪಟ್ಟೆ. ಅದರಲ್ಲಿ ಒಬ್ಬಳು ತುಮಕೂರು ಕಡೆಯವಳು, ಗುಂಡು ಎಸೆಯುತ್ತಿದ್ದಳು. ಕಾಂಪೌಂಡ್ ಮೇಲೆ ಕೂತ ನಮ್ಮಂಥ ಹುಡುಗರು ಅವಳಿಗೆ ಹೆಸರೇ ಇಟ್ಟಿರಲಿಲ್ಲ, ಬರೀ ಗಂಡುಬೀರಿ. ಅವಳು ಮೂರನೇ ವರ್ಷ ಮದುವೆಯಾಗಿ ಹೋದಳು. ಮದುವೆ ಪತ್ರಿಕೆ ಕೊಡಲು ಬಂದಾಗ ನಮ್ಮಲ್ಲೊಬ್ಬ ‘ಅರೆ, ಇವಳಿಗೂ ಗಂಡು ಸಿಕ್ತಾ?’ ಅಂದ. ಅವಳಿಗೆ ಕೇಳಿಸಿತು. ನಾನೂ ನಕ್ಕಿದ್ದೆ.

ಅಂದರೆ, ಆಟ ಆಡುವ ಹೆಣ್ಣಿನ ಮೇಲೆ ಈ ಅನುಮಾನ ಮೊದಲೇ ಇರುತ್ತದೆ. ಅವಳು ಹೇಳಿಕೊಂಡರೆ ಜನ ‘ಗೊತ್ತಿತ್ತು ಬಿಡು’ ಅನ್ನುತ್ತಾರೆ. ಗಂಡಸಿನ ವಿಷಯದಲ್ಲಿ ಇದು ಉಲ್ಟಾ. ಆಟ ಅಂದರೇನೇ ಗಂಡಸುತನ, ಸ್ಟಾರ್ ಆಟಗಾರ ಅಂದರೆ ಗಂಡಸುತನದ ಪೋಸ್ಟರು. ಅವನು ಹೇಳಿಕೊಂಡರೆ ‘ಛೇ, ಹೇಗೆ ಸಾಧ್ಯ?’ ಎನ್ನುತ್ತಾರೆ. ಮಹಿಳಾ ಫುಟ್‌ಬಾಲ್, ಮಹಿಳಾ ಕ್ರಿಕೆಟ್‌ನಲ್ಲಿ ಹೇಳಿಕೊಂಡವರು ಎಷ್ಟೋ ಜನ ಇದ್ದಾರೆ, ಪುರುಷರ ಆಟಗಳಲ್ಲಿ ಕೈಬೆರಳಲ್ಲಿ ಎಣಿಸಬೇಕು. ಇದನ್ನು ನೋಡಿ ‘ಹೆಣ್ಣುಮಕ್ಕಳ ಆಟದಲ್ಲಿ ಇದೆಲ್ಲ ಜಾಸ್ತಿ’ ಅನ್ನುವವರಿದ್ದಾರೆ. ಹೇಳಿದವರನ್ನು ಎಣಿಸಬಹುದು, ಇರುವವರನ್ನು ಎಣಿಸಲು ಆಗಲ್ಲ. ಹೆಣ್ಣು ಹೇಳಿದರೆ ಹಳೇ ಅನುಮಾನಕ್ಕೆ ಒಂದು ಮುದ್ರೆ ಬೀಳುತ್ತದೆ. ಗಂಡು ಹೇಳಿದರೆ ಪೋಸ್ಟರೇ ಹರಿಯುತ್ತದೆ.

ಪೋಸ್ಟರ್ ಹರಿದವರಲ್ಲಿ ಜೇಸನ್ ಕಾಲಿನ್ಸ್ ಕತೆ ನೋಡಿ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಆಟಗಾರ ಕಾಲಿನ್ಸ್ ಪತ್ರಿಕೆಯೊಂದಕ್ಕೆ ತಾವೇ ಬರೆದರು. ನನಗೆ 34 ವರ್ಷ, ನಾನು ಎನ್‌ಬಿಎ ಸೆಂಟರ್, ನಾನು ಕಪ್ಪು ಮನುಷ್ಯ, ನಾನು ಗೇ. ಲೇಖನ ಶುರುವಾದದ್ದೇ ಹೀಗೆ. ಅಧ್ಯಕ್ಷ ಒಬಾಮ ಫೋನ್ ಮಾಡಿದರು. ಕೋಬಿ ಬ್ರಯಂಟ್ ಟ್ವೀಟ್ ಮಾಡಿ ಬೆನ್ನು ತಟ್ಟಿದರು. ಇದೇ ಬ್ರಯಂಟ್‌ಗೆ ಎರಡು ವರ್ಷ ಮುಂಚೆ, ರೆಫರಿಗೆ ಸಲಿಂಗಿಗಳನ್ನು ಹಳಿಯುವ ಬೈಗುಳ ಬೈದದ್ದಕ್ಕೆ 1 ಲಕ್ಷ ಡಾಲರ್ ದಂಡ ಬಿದ್ದಿತ್ತು. ಒಂದು ಕ್ರೀಡಾ ಚಾನೆಲ್‌ನ ವಿಶ್ಲೇಷಕರೊಬ್ಬರು ಇದು ದೇವರ ವಿರುದ್ಧದ ದಂಗೆ ಅಂದರು, ಅವರ ಮೇಲೆ ಜನ ಮುಗಿಬಿದ್ದರು. ಒಟ್ಟಿನಲ್ಲಿ ಹೊಗಳಿಕೆಯೇ ಜಾಸ್ತಿ. ಲೈಕು ಎಣಿಸುವವರ ಪ್ರಕಾರ ಸಮಾಜ ಪಾಸು, ಅದೂ ಫಸ್ಟ್ ಕ್ಲಾಸಲ್ಲಿ.

ಆದರೆ ಕಾಲಿನ್ಸ್ ಒಪ್ಪಂದ ಆ ಬೇಸಿಗೆಯಲ್ಲೇ ಮುಗಿಯಿತು. ಜುಲೈ ಬಂತು, ಯಾರೂ ಕರೆಯಲಿಲ್ಲ. ಅಕ್ಟೋಬರ್ ಕೊನೆಗೆ ಸೀಸನ್ ಶುರುವಾಯಿತು, ಆಗಲೂ ಕರೆಯಲಿಲ್ಲ. 2014ರ ಫೆಬ್ರುವರಿ 23ರಂದು ಬ್ರೂಕ್ಲಿನ್ ನೆಟ್ಸ್ ತಂಡ 10 ದಿನಗಳ ಒಪ್ಪಂದ ಕೊಟ್ಟಿತು. ಅವತ್ತೇ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಆಡಿದರು. ಅವರ 98 ನಂಬರಿನ ಜೆರ್ಸಿ ಭರ್ಜರಿ ಮಾರಾಟ ಆಯಿತು. ಆ ನಂಬರ್ 1998ರಲ್ಲಿ ಸಲಿಂಗಿ ಎಂಬ ಕಾರಣಕ್ಕೆ ಕೊಲೆಯಾದ ವಿದ್ಯಾರ್ಥಿ ಮ್ಯಾಥ್ಯೂ ಶೆಪರ್ಡ್ ನೆನಪಿಗೆ ಹಾಕಿಕೊಂಡದ್ದು. 2014ರ ನವೆಂಬರ್‌ನಲ್ಲಿ ನಿವೃತ್ತಿ.

ನಡುವಿನ ಏಳೆಂಟು ತಿಂಗಳಿಗೆ ಕಾರಣ ಏನು? 34 ವರ್ಷ ವಯಸ್ಸು, ಸ್ಕೋರ್ ಕಡಿಮೆ, ಬೆಂಚಿನಲ್ಲಿ ಕೂರುವ ಆಟಗಾರ, ಹಾಗಾಗಿ ಕರೆಯಲಿಲ್ಲ ಅನ್ನಬಹುದು. ಅದೂ ಸರಿಯೇ. ಇದೇ ಇಲ್ಲಿ ಕಷ್ಟ. ಬೈದವನು ಸಿಕ್ಕಿಬೀಳುತ್ತಾನೆ, ದಂಡ ಕಟ್ಟುತ್ತಾನೆ. ಫೋನ್ ಮಾಡದ ಮ್ಯಾನೇಜರ್ ಸಿಕ್ಕಿಬೀಳುವುದಿಲ್ಲ. ಅವನ ಹತ್ತಿರ ಯಾವಾಗಲೂ ಆಟದ ಭಾಷೆಯಲ್ಲೇ ಒಂದು ಕಾರಣ ರೆಡಿ ಇರುತ್ತದೆ. ಕೆಲವೇ ತಿಂಗಳ ನಂತರ ಅಮೆರಿಕನ್ ಫುಟ್‌ಬಾಲ್‌ನ ಮೈಕಲ್ ಸ್ಯಾಮ್‌ಗೂ ಹೀಗೇ ಆಯಿತು. ಕಾಲೇಜು ಮಟ್ಟದಲ್ಲಿ ದೊಡ್ಡ ಪ್ರಶಸ್ತಿ ಗೆದ್ದಿದ್ದವರು, ಹೇಳಿಕೊಂಡ ಮೇಲೆ, ವೃತ್ತಿಪರ ಲೀಗಿನ ತಂಡಗಳು ಹೊಸಬರನ್ನು ಆರಿಸುವಾಗ 249ನೆಯವರಾದರು. ಒಂದೂ ಲೀಗ್ ಪಂದ್ಯ ಆಡದೆ ಹೊರಬಿದ್ದರು.

ಇನ್ನೊಂದು ಬಗೆಯ ಪ್ರತಿಕ್ರಿಯೆ ಇದೆ, ನಮ್ಮ ಕಡೆ ಅದೇ ಜಾಸ್ತಿ: ‘ಅದು ಅವರ ಸ್ವಂತ ವಿಷಯ, ನಮಗ್ಯಾಕೆ ಹೇಳ್ಬೇಕು?’ ನಮ್ಮ ಆಫೀಸ್ ಕ್ಯಾಂಟೀನಿನಲ್ಲಿ ಒಬ್ಬರಿದ್ದಾರೆ, ಒಳ್ಳೇ ಮನುಷ್ಯ, ಕ್ರಿಕೆಟ್ ಹುಚ್ಚು. ಇಂಥ ಸುದ್ದಿ ಬಂದಾಗಲೆಲ್ಲ ಕಾಫಿ ಲೋಟ ಕೆಳಗಿಟ್ಟು ಇದೇ ಮಾತು ಹೇಳುತ್ತಾರೆ. ‘ಬೆಡ್‌ರೂಮ್ ವಿಷಯ ಬೀದಿಗೆ ಯಾಕೆ ತರ್ತಾರೆ ಸಾರ್?’ ಅದೇ ಮನುಷ್ಯ ವಿರಾಟ್ ಕೊಹ್ಲಿ ಮದುವೆಯ ಫೋಟೊ ಬಂದ ದಿನ, ಇಟಲಿಯ ಆ ತೋಟದ ಬಾಡಿಗೆ ಎಷ್ಟು ಅನ್ನುವುದರ ಮೇಲೆ ಅರ್ಧ ಗಂಟೆ ಮಾತಾಡಿದ್ದರು. ಮಗು ಹುಟ್ಟಿದಾಗ ಹೆಸರಿನ ಅರ್ಥ ಹುಡುಕಿ ಗ್ರೂಪಿಗೆ ಕಳಿಸಿದ್ದರು. ಅದು ಬೆಡ್‌ರೂಮ್ ವಿಷಯ ಅಂತ ಅವರಿಗೆ ಯಾವತ್ತೂ ಅನಿಸಿಲ್ಲ. ಗಂಡು ಹೆಣ್ಣಿನ ಪ್ರೀತಿಯನ್ನು ನಾವು ಸಂಸಾರ ಅಂತ ನೋಡುತ್ತೇವೆ, ಗಂಡು ಗಂಡಿನ ಪ್ರೀತಿಯನ್ನು ಹಾಸಿಗೆ ಅಂತ. ದ್ಯುತಿ ಹೇಳಿದ್ದರಲ್ಲಿ ಹಾಸಿಗೆಯ ಮಾತೇ ಇರಲಿಲ್ಲ. ಜೊತೆಯಾಗಿ ಬಾಳುವ ಮಾತಿತ್ತು.

ಹಾಗಂತ ನಮ್ಮವರು ಇದನ್ನು ಸಂಸಾರವಾಗಿ ನೋಡುವುದೇ ಇಲ್ಲ ಅನ್ನುವಂತಿಲ್ಲ. ಇಂಗ್ಲೆಂಡಿನ ಕ್ರಿಕೆಟ್ ಆಟಗಾರ್ತಿ ಡ್ಯಾನಿ ವ್ಯಾಟ್ ನೆನಪಿದೆಯಾ? 2014ರಲ್ಲಿ ಕೊಹ್ಲಿಗೆ ‘ನನ್ನನ್ನು ಮದುವೆಯಾಗು’ ಎಂದು ಟ್ವೀಟ್ ಮಾಡಿದ ಹುಡುಗಿ. ಅದೂ ಕೊಹ್ಲಿ ಹೆಸರಿನ ಸ್ಪೆಲಿಂಗ್ ತಪ್ಪು ಬರೆದು. ಅವರು 2023ರಲ್ಲಿ ತಮ್ಮ ಗೆಳತಿಯ ಜೊತೆ ನಿಶ್ಚಿತಾರ್ಥ ಮಾಡಿಕೊಂಡರು. ಮದುವೆಯಾದ ಮೇಲೆ ಹೆಸರು ಡ್ಯಾನಿ ವ್ಯಾಟ್-ಹಾಜ್ ಆಯಿತು. 2025ರಲ್ಲಿ ನೋಡಿದರೆ, ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ನಮ್ಮ ಆರ್‌ಸಿಬಿಯಲ್ಲೇ ಇದ್ದರು. ಫೆಬ್ರುವರಿ 24ರಂದು ಚಿನ್ನಸ್ವಾಮಿಯಲ್ಲಿ ಯುಪಿ ವಾರಿಯರ್ಸ್ ವಿರುದ್ಧ 57 ಹೊಡೆದರು. ಆ ಕಡೆ ಎಲಿಸ್ ಪೆರಿ ಔಟಾಗದೆ 90. ಪಂದ್ಯ ಟೈ ಆಗಿ, ಸೂಪರ್ ಓವರಿಗೆ ಹೋಗಿ, ಆರ್‌ಸಿಬಿ ಸೋತಿತು. ಮರುದಿನ ಕ್ಯಾಂಟೀನಿನಲ್ಲಿ ನಮ್ಮ ಸ್ನೇಹಿತರು ಕೊತಕೊತ ಕುದಿಯುತ್ತಿದ್ದರು. ‘ಸೂಪರ್ ಓವರಿಗೆ ಪೆರಿನ ಕಳಿಸಬೇಕಿತ್ತು ಸಾರ್! ಇಲ್ಲಾಂದ್ರೆ ವ್ಯಾಟ್‌ನಾದ್ರೂ ಕಳಿಸಬೇಕಿತ್ತು!’ ವ್ಯಾಟ್ ಯಾರನ್ನು ಮದುವೆಯಾಗಿದ್ದಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಅವತ್ತು ಅದು ಲೆಕ್ಕಕ್ಕೇ ಬರಲಿಲ್ಲ.

2023ರಲ್ಲಿ, ಆ ಲೀಗಿನ ಮೊದಲ ಸೀಸನ್ನಿನಲ್ಲೂ ಹೀಗೇ. ಆರ್‌ಸಿಬಿಯಲ್ಲಿ ಆಸ್ಟ್ರೇಲಿಯಾದ ಮೇಗನ್ ಶುಟ್ ಇದ್ದರು, ದಕ್ಷಿಣ ಆಫ್ರಿಕಾದ ಡೇನ್ ವಾನ್ ನೀಕರ್ಕ್ ಇದ್ದರು. ಇಬ್ಬರಿಗೂ ಹೆಂಡತಿ ಇದ್ದಾರೆ. ವಾನ್ ನೀಕರ್ಕ್ ಅವರ ಹೆಂಡತಿ ಮರಿಝಾನ್ ಕಾಪ್ ಅದೇ ಟೂರ್ನಿಯಲ್ಲಿ ಡೆಲ್ಲಿಗೆ ಆಡುತ್ತಿದ್ದರು. ಬೆಂಗಳೂರಿನ ಅಭಿಮಾನಿಗೆ ಡೆಲ್ಲಿಯ ಕಾಪ್ ಮೇಲಿದ್ದ ಸಿಟ್ಟು ಅವರ ಬೌಲಿಂಗ್ ಮೇಲಿನ ಸಿಟ್ಟಷ್ಟೇ. ಪರದೇಶದವರು, ನಮ್ಮ ಮನೆಗೆ ಸೊಸೆಯಾಗಿ ಬರಬೇಕಾದವರಲ್ಲ, ನಮ್ಮ ಮನೆಯಿಂದ ಹೋಗಬೇಕಾದವರೂ ಅಲ್ಲ. ರನ್ ಹೊಡೆದರೆ ಸಾಕು. ನಮ್ಮದೇ ರಾಜ್ಯ ತಂಡದ ಹುಡುಗಿಯೊಬ್ಬಳು ಇದನ್ನು ಹೇಳಿದ್ದರೆ ಇಷ್ಟು ತಣ್ಣಗೆ ಇರುತ್ತಿದ್ದೆವಾ? ಮೊದಲ ಪ್ರಶ್ನೆ ಅವಳ ಅಪ್ಪನಿಗೆ ಹೋಗುತ್ತಿತ್ತು.

ಜಾಹೀರಾತಿನವರ ಲೆಕ್ಕ ಮಾತ್ರ ನಿಜವಾಗಿಯೂ ಬದಲಾಗಿದೆ. 1981ರಲ್ಲಿ ಕಿಂಗ್ ಒಂದೇ ದಿನದಲ್ಲಿ ಎಲ್ಲ ಕಳೆದುಕೊಂಡರು. ದ್ಯುತಿ ಹೇಳಿಕೊಂಡ ಮೂರೇ ತಿಂಗಳಿಗೆ, 2019ರ ಆಗಸ್ಟ್‌ನಲ್ಲಿ, ಪೂಮಾ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಆ ಕಂಪನಿಯ ಭಾರತದ ಮುಖ್ಯ ಕಚೇರಿ ಇರುವುದು ಇಲ್ಲೇ ಬೆಂಗಳೂರಿನಲ್ಲಿ. ಶೂ ಕೊಳ್ಳುವ ನಗರದ ಹುಡುಗ ಹುಡುಗಿಯರಿಗೆ ಇದು ಇಷ್ಟವಾಗುತ್ತದೆ ಅನ್ನುವುದು ಮಾರಾಟದವರಿಗೆ ಗೊತ್ತಾಗಿದೆ. ಇದನ್ನು ಬರೀ ವ್ಯಾಪಾರ ಅಂತ ಮೂಗು ಮುರಿಯುವವರಿದ್ದಾರೆ. ಇರಲಿ ಬಿಡಿ. ಮನೆಯಿಂದ ಹೊರಬಿದ್ದವರಿಗೆ ಬಾಡಿಗೆ ಕಟ್ಟಲು ವ್ಯಾಪಾರದ ದುಡ್ಡೇ ಬೇಕು.

ಕಾನೂನಿನದ್ದು ಅರ್ಧ ದಾರಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನಿನ ಹಲ್ಲು ಕಿತ್ತಿತು. ಇಬ್ಬರು ವಯಸ್ಕರು ಮನಸಾರೆ ಒಪ್ಪಿ ಕೂಡುವುದು ಅಪರಾಧ ಅಲ್ಲ ಅಂದಿತು. ಅದಾಗಿ ಎಂಟು ತಿಂಗಳಿಗೆ ದ್ಯುತಿ ಮಾತಾಡಿದ್ದು. ಮಗಳು ‘ಕೋರ್ಟೇ ಒಪ್ಪಿದೆಯಲ್ಲಮ್ಮ’ ಅಂದಳು ಎಂದು ತಾಯಿಯೇ ಪತ್ರಕರ್ತರಿಗೆ ಹೇಳಿದ್ದರು. ಆದರೆ ಕೋರ್ಟ್ ಒಪ್ಪಿದ್ದು ಜೈಲಿಗೆ ಹಾಕಬಾರದು ಅನ್ನುವುದನ್ನು ಮಾತ್ರ. 2023ರ ಅಕ್ಟೋಬರ್ 17ರಂದು ಮದುವೆಯ ಪ್ರಶ್ನೆ ಬಂದಾಗ ಅದೇ ಕೋರ್ಟ್, ಅದು ನಮ್ಮ ಕೈಲಿಲ್ಲ, ಸಂಸತ್ತಿಗೆ ಬಿಟ್ಟದ್ದು ಅಂದಿತು. ಹಾಗಾಗಿ ಪದಕ ಗೆದ್ದ ಓಟಗಾರ್ತಿಯ ಸಂಗಾತಿ ಕಾನೂನಿನ ಕಣ್ಣಲ್ಲಿ ಇನ್ನೂ ‘ಗೆಳತಿ’ ಅಷ್ಟೇ. ವಿಲ್ ಬರೆಯದೇ ಹೋದರೆ ಆಸ್ತಿ ಸಂಗಾತಿಗೆ ಹೋಗುವುದಿಲ್ಲ, ಹುಟ್ಟಿದ ಮನೆಗೇ ಹೋಗುತ್ತದೆ. ಚಾಕಾ ಗೋಪಾಲ್‌ಪುರದ ಜಗಳ ಎಲ್ಲಿ ಶುರುವಾಯಿತೋ ಅಲ್ಲಿಗೇ.

ದ್ಯುತಿ ಮಾತ್ರ ಓಡುತ್ತಲೇ ಇದ್ದರು. 2019ರ ಜುಲೈನಲ್ಲಿ ಇಟಲಿಯ ನೇಪಲ್ಸ್‌ನ ವಿಶ್ವ ವಿ.ವಿ. ಕ್ರೀಡಾಕೂಟದಲ್ಲಿ 100 ಮೀಟರ್ ಅನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ನನ್ನನ್ನು ಕೆಳಗೆಳೆಯಿರಿ, ಇನ್ನೂ ಗಟ್ಟಿಯಾಗಿ ಬರುತ್ತೇನೆ ಎಂದು ಟ್ವೀಟ್ ಮಾಡಿದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಉದ್ಘಾಟನೆಯಲ್ಲಿ ಬ್ರಿಟನ್ನಿನ ಡೈವರ್ ಟಾಮ್ ಡೇಲಿ ಬ್ಯಾಟನ್ ಹಿಡಿದು ಬಂದಾಗ, ಕಾಮನಬಿಲ್ಲಿನ ಬಾವುಟ ಹಿಡಿದವರ ಜೊತೆ ದ್ಯುತಿಯೂ ನಡೆದರು. ಆ ಒಕ್ಕೂಟದ 56 ದೇಶಗಳಲ್ಲಿ 35ರಲ್ಲಿ ಸಲಿಂಗ ಸಂಬಂಧ ಆಗಲೂ ಅಪರಾಧವೇ ಆಗಿತ್ತು. 2023ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ನಾಲ್ಕು ವರ್ಷ ನಿಷೇಧ ಬಿತ್ತು. ಅದು ಬೇರೆಯೇ ವಿಷಯ, ಬೇರೆಯೇ ತಪ್ಪು. ಅದನ್ನೂ ಇದನ್ನೂ ಕೂಡಿಸಿ ಓದಬಾರದು.

ಇನ್ನು ಪುರುಷರ ಕ್ರಿಕೆಟ್. ಇಂಗ್ಲೆಂಡಿನ ವಿಕೆಟ್ ಕೀಪರ್ ಸ್ಟೀವನ್ ಡೇವಿಸ್ 2011ರಲ್ಲಿ, ಆಡುತ್ತಿರುವಾಗಲೇ, ಹೇಳಿಕೊಂಡರು. ನ್ಯೂಜಿಲೆಂಡಿನ ಹೀತ್ ಡೇವಿಸ್ ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, 2022ರಲ್ಲಿ ಹೇಳಿಕೊಂಡರು. ಭಾರತಕ್ಕೆ ಆಡಿದ ಪುರುಷ ಕ್ರಿಕೆಟಿಗರಲ್ಲಿ ಯಾರೂ ಇಲ್ಲಿಯವರೆಗೆ ಬಹಿರಂಗವಾಗಿ ಹೇಳಿಕೊಂಡಿಲ್ಲ. ಇದನ್ನು ಕ್ಯಾಂಟೀನಿನಲ್ಲಿ ಒಮ್ಮೆ ಎತ್ತಿದೆ. ನಮ್ಮ ಹುಡುಗ ಯಾರಾದರೂ, ರಣಜಿ ಆಡುವವನೇ ಅಂದುಕೊಳ್ಳಿ, ಹೇಳಿಕೊಂಡರೆ ಏನು ಮಾಡ್ತೀರಿ ಅಂತ ಕೇಳಿದೆ. ನಮ್ಮ ಸ್ನೇಹಿತರು ಈ ಸಲ ‘ನಮಗ್ಯಾಕೆ’ ಅನ್ನಲಿಲ್ಲ. ಕಾಫಿ ಲೋಟ ತಿರುಗಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಹೇಳ್ಲಿ ಸಾರ್, ತಪ್ಪೇನಿದೆ?’ ಅಂದರು. ಆಮೇಲೆ ಸಣ್ಣ ದನಿಯಲ್ಲಿ, ‘ಆದ್ರೆ ಐಪಿಎಲ್ ಹರಾಜು ಮುಗಿದ ಮೇಲೆ ಹೇಳ್ಲಿ.’